ಬೆರಕೆ

ಈ ಸಂಜೆ ನಿಮ್ಮ ಮುಂದಿಡಲು ಮೂರಕ್ಷರದ ಒಂದು ಮಾತನ್ನು ತಂದಿದ್ದೇನೆ: ಬೆರಕೆ.

ಇದು ನಮ್ಮದೇ ‘ಬೆರೆ’ ಧಾತುವಿನ ಕೂಸು. ತಮಿಳಿನಲ್ಲಿ ಇದರ ಒಡಹುಟ್ಟು ‘ವಿರವು’. ತಮಿಳರ ‘ವಿರಲ್’ ನಮ್ಮಲ್ಲಿ ‘ಬೆರಳು’ ಆಗಿದೆಯಲ್ಲ, ಅದೇ ದಾರಿ ಇಲ್ಲಿಯೂ: ಅವರ ವಕಾರಕ್ಕೆ ನಮ್ಮ ಬಕಾರ, ಇಕಾರಕ್ಕೆ ಎಕಾರ. ‘ಕಲಬೆರಕೆ’ಯಲ್ಲಿರುವ ‘ಕಲ’ ಅನ್ನ ಕಲಸುವಾಗಿನ ‘ಕಲಸು’ವಿನ ನೆಂಟ. ಅಂದರೆ ಒಂದೇ ಅರ್ಥದ ಎರಡು ಮಾತು ಸೇರಿ ಕಲಬೆರಕೆಯಾಗಿದೆ.

ಹುಟ್ಟಿನಲ್ಲಿ ಈ ಮಾತಿಗೆ ಯಾವ ಕಳಂಕವೂ ಇಲ್ಲ. ನಾಲ್ಕು ಜನರೊಡನೆ ಬೆರೆಯುವವನನ್ನು ಊರು ಮೆಚ್ಚುತ್ತದೆ. ಹಾಲಿಗೆ ನೀರು ಬೆರೆಸುವವನನ್ನು ಅದೇ ಊರು ಬೈಯುತ್ತದೆ. ಹಳೆ ಮೈಸೂರಿನ ಕಡೆ ‘ಅವನು ಬಲು ಬೆರಕೆ’ ಎಂದರೆ ಚಾಲಾಕಿ ಎಂದರ್ಥ. ಆಹಾರ ಕಲಬೆರಕೆ ತಡೆಗೆ 1954ರಲ್ಲಿ ಕಾಯ್ದೆ ಬಂದ ಮೇಲಂತೂ ಕಲಬೆರಕೆ ಅಪರಾಧದ ಹೆಸರೇ ಆಯಿತು.

ಹಾಗಾದರೆ ಬೆರಕೆ ಕೆಡುವುದು ಎಲ್ಲಿ? ನಮ್ಮ ಕವಿಗಳು ಈ ಪ್ರಶ್ನೆಯನ್ನು ಭಾಷೆಯ ಬಗ್ಗೆ ಕೇಳಿಕೊಂಡರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಸಂಸ್ಕೃತ, ಕನ್ನಡ ಪದಗಳನ್ನು ಹದವರಿಯದೆ ಸಮಾಸ ಮಾಡುವುದನ್ನು ಕಾದ ಹಾಲಿಗೆ ಮಜ್ಜಿಗೆ ಹನಿ ಬಿದ್ದದ್ದಕ್ಕೆ ಹೋಲಿಸುತ್ತದೆ. ಹನ್ನೆರಡನೆಯ ಶತಮಾನದ ನಯಸೇನ ತುಪ್ಪಕ್ಕೆ ಎಣ್ಣೆ ಬೆರೆಸಬಹುದೇ ಎಂದು ಕೇಳುತ್ತಾನೆ. ವೈಯಾಕರಣರು ಇಂಥ ಸಮಾಸಕ್ಕೆ ‘ಅರಿಸಮಾಸ’ ಎಂದರು. ಅರಿ ಎಂದರೆ ಹಗೆ. ನಂದಳಿಕೆಯ ಮುದ್ದಣನಿಗೆ ಮಾತ್ರ ಕನ್ನಡದ ನಡುವೆ ಅಲ್ಲಲ್ಲಿ ಬರುವ ಸಂಸ್ಕೃತ ಕರಿಮಣಿ ಸರದಲ್ಲಿ ಕೋದ ಕೆಂಪು ಹವಳದಂತೆ ಚೆಲುವಾಗಿ ಕಂಡಿತು. ಹೋಲಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತುಪ್ಪದೊಳಗೆ ಎಣ್ಣೆ ಗುರುತು ಸಿಗದಂತೆ ಅಡಗುತ್ತದೆ. ಸರದಲ್ಲಿ ಮಣಿ ಮಣಿಯಾಗಿ, ಹವಳ ಹವಳವಾಗಿ ಉಳಿಯುತ್ತದೆ.

ಈ ತಿಳಿವು ನಮ್ಮ ರೈತ ಹೆಂಗಸರಿಗೆ ಪುಸ್ತಕವಿಲ್ಲದೆಯೇ ಇತ್ತು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ, ಗಣಿಕೆ, ಕನ್ನೆ, ಗೋಣಿ ಎಂದು ಬಗೆಬಗೆಯ ಎಲೆಗಳನ್ನು ಕಿತ್ತು ಮಡಿಲು ತುಂಬಿಕೊಳ್ಳುತ್ತಾರೆ. ಅದೇ ಬೆರಕೆ ಸೊಪ್ಪು. ಮುದ್ದೆಯ ಜೊತೆ ಆ ಸಾರು ಉಂಡವರಿಗೆ ಬೆರಕೆ ಎಂಬ ಮಾತು ಬೈಗುಳವಾಗಿ ಕೇಳಿಸಲಾರದು. ಕೀಳುವ ಕೈಗೆ ಪ್ರತಿ ಎಲೆಯ ಹೆಸರೂ ಗೊತ್ತು. ಯಾವುದು ಕಹಿ, ಯಾವುದನ್ನು ಮುಟ್ಟಬಾರದು ಎಂಬುದೂ ಗೊತ್ತು. ಬಿಡಿಬಿಡಿಯಾಗಿ ಬಲ್ಲವರು ಬೆರೆಸಿದಾಗ ಬೆರಕೆ ರುಚಿ. ಗುರುತು ಮರೆಸಲೆಂದು ಬೆರೆಸಿದರೆ ಅದೇ ಕಲಬೆರಕೆ.

ಇಂದು ನಾವಾಡುವ ಕನ್ನಡದಲ್ಲಿ ಸಂಸ್ಕೃತ, ಪಾರ್ಸಿ, ಪೋರ್ಚುಗೀಸ್, ಇಂಗ್ಲಿಷ್ ಎಲ್ಲವೂ ಇವೆ. ಅದಕ್ಕೆ ನಾನು ಅಂಜುವುದಿಲ್ಲ. ನನ್ನ ಅಂಜಿಕೆ ಎಲೆಗಳ ಹೆಸರು ಮರೆಯುತ್ತಿರುವುದಕ್ಕೆ. ಮನೆಯಲ್ಲಿ ಹಿರಿಯರಿದ್ದರೆ ನಾಳೆಯೇ ಕೂತು ಕೇಳಿ: ಬೆರಕೆ ಸೊಪ್ಪಿನಲ್ಲಿ ಏನೇನು ಹಾಕುತ್ತಿದ್ದಿರಿ? ಅವರು ಹೇಳುವ ಒಂದೊಂದು ಹೆಸರನ್ನೂ ಬರೆದಿಟ್ಟುಕೊಳ್ಳಿ.