ಮಿತವ್ಯಯದ ಮನೆಯಲ್ಲಿ ಪತ್ರಿಕೆಯ ಚಂದಾ



ತಿಂಗಳ ಮೊದಲ ವಾರ ಬಂತೆಂದರೆ ನಮ್ಮಂಥವರ ಮನೆಗಳಲ್ಲಿ ಒಂದು ಸಣ್ಣ ಬಜೆಟ್ ಅಧಿವೇಶನ ನಡೆಯುತ್ತದೆ. ಹಾಲಿನವರ ಲೆಕ್ಕ, ದಿನಸಿ ಅಂಗಡಿಯ ಚೀಟಿ, ಕರೆಂಟ್ ಬಿಲ್ಲು, ಮಕ್ಕಳ ಶಾಲೆಯ ವ್ಯಾನಿನ ಬಾಡಿಗೆ ಎಲ್ಲವೂ ಒಂದೊಂದಾಗಿ ಮುಂದೆ ಬಂದು ನಿಲ್ಲುತ್ತವೆ. ಇವುಗಳಲ್ಲಿ ಯಾವುದನ್ನೂ ಸುಲಭವಾಗಿ ಕಡಿಮೆ ಮಾಡುವಂತಿಲ್ಲ. ಕೊನೆಗೆ ಕಣ್ಣು ಬೀಳುವುದು ಪತ್ರಿಕೆ ಹಾಕುವ ಹುಡುಗ ಕೊಟ್ಟುಹೋದ ಪುಟ್ಟ ರಸೀತಿಯ ಮೇಲೆ. “ಸುದ್ದಿ ಪುಕ್ಕಟೆಯಾಗಿ ಫೋನಿನಲ್ಲೇ ಬರುತ್ತದೆ. ಇದಕ್ಕೇಕೆ ದುಡ್ಡು?” ಎಂದು ಮನೆಯವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹೇಳಿದವರೂ ಅವರೇ. ಈ ಎರಡು ಮಾತುಗಳನ್ನೂ ಒಂದೇ ಮನೆಯಲ್ಲಿ ನಡೆಸುವುದು ಹೇಗೆ ಎಂಬುದೇ ಇಂದಿನ ವಿಚಾರ.

ಮೊದಲು ಲೆಕ್ಕವನ್ನೇ ಮಾಡೋಣ. ದಿನಪತ್ರಿಕೆಯೊಂದಕ್ಕೆ ದಿನಕ್ಕೆ 6 ರೂಪಾಯಿ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 180, ವರ್ಷಕ್ಕೆ 2190 ರೂಪಾಯಿ. ಹದಿನಾರು ಪುಟಗಳ ಪತ್ರಿಕೆಯಾದರೆ ತಿಂಗಳಿಗೆ ಸುಮಾರು 2 ಕಿಲೋ ರದ್ದಿ ಸಿಗುತ್ತದೆ. ರದ್ದಿಯವನು ಕಿಲೋಗೆ 15 ರೂಪಾಯಿ ಕೊಟ್ಟರೆ ವರ್ಷಕ್ಕೆ 360 ರೂಪಾಯಿ ವಾಪಸು ಬಂತು. ಉಳಿದ ಖರ್ಚು 1830 ರೂಪಾಯಿ, ಅಂದರೆ ದಿನಕ್ಕೆ 5 ರೂಪಾಯಿ. ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿಯಲು ಕೊಡುವುದಕ್ಕಿಂತ ಕಡಿಮೆ. ನಾಲ್ಕು ಜನ ಓದುವ ಮನೆಯಾದರೆ ತಲೆಗೆ ಒಂದೂಕಾಲು ರೂಪಾಯಿ ಬೀಳುತ್ತದೆ. ಯಾರೂ ಓದದ ಮನೆಯಾದರೆ? ಆಗ ಅದು 15 ರೂಪಾಯಿಯ ರದ್ದಿಯನ್ನು 90 ರೂಪಾಯಿಗೆ ಕೊಂಡಂತೆ.

ಮಿತವ್ಯಯದ ಗುಟ್ಟು ಇಲ್ಲೇ ಇದೆ. ಖರ್ಚು ಮಾಡದಿರುವುದಕ್ಕೆ ಮಿತವ್ಯಯ ಎಂದು ಹೆಸರಲ್ಲ. ಅದಕ್ಕೆ ಜಿಪುಣತನ ಎಂಬ ಬೇರೆ ಪದವಿದೆ. ಕೊಟ್ಟ ದುಡ್ಡಿಗೆ ತಕ್ಕ ಉಪಯೋಗ ಪಡೆಯುವುದೇ ಮಿತವ್ಯಯ. ಚಂದಾ ಹೆಚ್ಚೋ ಕಡಿಮೆಯೋ ಎಂದು ಕೇಳುವ ಮೊದಲು, ಮನೆಯಲ್ಲಿ ಅದನ್ನು ಓದುವವರು ಯಾರು ಎಂದು ಕೇಳಬೇಕು.

ಈ ಪ್ರಶ್ನೆಯನ್ನು ಕೇಳದೆ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. 2020ರ ಲಾಕ್‌ಡೌನ್ ಸಮಯದಲ್ಲಿ ನಮ್ಮ ಬೀದಿಗೆ ಕೆಲವು ವಾರ ಪತ್ರಿಕೆ ಬರಲಿಲ್ಲ. ಮತ್ತೆ ಶುರುವಾದಾಗ ಏಜೆಂಟರು ಫೋನ್ ಮಾಡಿ, “ನಾಳೆಯಿಂದ ಹಾಕಿಸಲೇ?” ಎಂದು ಕೇಳಿದರು. ಬೇಡ ಎಂದುಬಿಟ್ಟೆ. ತಿಂಗಳ ಲೆಕ್ಕದಲ್ಲಿ ಒಂದು ಬಾಬು ಕಡಿಮೆಯಾಯಿತೆಂದು ನನಗೆ ಹೆಮ್ಮೆ. ಆಗ ನಮ್ಮ ತಂದೆಗೆ 76 ವರ್ಷ. ಅವರು ಏನೂ ಹೇಳಲಿಲ್ಲ.

ಎಲ್ಲ ಮೊದಲಿನಂತಾದ ಮೇಲೆ ಒಂದು ಬೆಳಿಗ್ಗೆ ಕ್ಷೌರದ ಅಂಗಡಿಗೆ ಹೋದೆ. ಅಲ್ಲಿ ಬೆಂಚಿನ ತುದಿಯಲ್ಲಿ ನಮ್ಮ ತಂದೆ ಕೂತಿದ್ದರು. ಪತ್ರಿಕೆಯ ಹೊರಹಾಳೆ ಅವರ ಕೈಯಲ್ಲಿತ್ತು. ನಡುವಿನ ಹಾಳೆ ಇನ್ನೊಬ್ಬರ ಕೈಯಲ್ಲಿ. ಅವರು ಓದಿ ಮುಗಿಸಲೆಂದು ಇವರು ಕಾಯುತ್ತಿದ್ದರು. “ಯಜಮಾನ್ರು ದಿನಾ ಬರ್ತಾರೆ ಸಾರ್, ಪೇಪರ್ ಓದೋಕೆ,” ಎಂದು ಅಂಗಡಿಯವರು ನಗುತ್ತಲೇ ಹೇಳಿದರು. ಮನೆಗೆ ಬರುವಾಗ ದಾರಿಯಲ್ಲಿ, “ಒಂದು ಮಾತು ಹೇಳಬಾರದಿತ್ತೇ ಅಪ್ಪಾ?” ಎಂದೆ. “ನಿನ್ನ ಕಷ್ಟ ನಿನಗಿರುತ್ತೆ ಅಂತ ಸುಮ್ಮನಿದ್ದೆ,” ಎಂದರು.

ಆ ರಾತ್ರಿ ಬ್ಯಾಂಕಿನ ಲೆಕ್ಕವನ್ನು ಮತ್ತೊಮ್ಮೆ ತೆಗೆದು ನೋಡಿದೆ. ಯಾರೂ ನೋಡದ ಮನರಂಜನೆಯ ಚಂದಾವೊಂದು ಎರಡು ವರ್ಷದಿಂದ ನನ್ನ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತಿತ್ತು. ಅದು ಪತ್ರಿಕೆಯ ಬಿಲ್ಲಿಗಿಂತ ಹೆಚ್ಚಿನದು. ಕಪಾಟಿನಲ್ಲಿ ಮಾಸಪತ್ರಿಕೆಯೊಂದರ ಏಳು ಸಂಚಿಕೆಗಳು ಸುತ್ತಿದ ಕಾಗದವನ್ನೂ ಬಿಚ್ಚದೆ ಬಿದ್ದಿದ್ದವು. ಕಣ್ಣೆದುರಿಗೆ ರಸೀತಿ ಹಿಡಿದು ಬರುವ ಖರ್ಚನ್ನು ನಾನು ಕತ್ತರಿಸಿದ್ದೆ. ಸದ್ದಿಲ್ಲದೆ ಸೋರುವ ಖರ್ಚನ್ನು ಹಾಗೇ ಬಿಟ್ಟಿದ್ದೆ. ಮನೆಯಲ್ಲಿ ನಿಜವಾಗಿ ಓದುತ್ತಿದ್ದ ಒಬ್ಬರ ಕೈಯಿಂದಲೇ ಪತ್ರಿಕೆ ಕಿತ್ತುಕೊಂಡಿದ್ದೆ. ನಿಮ್ಮಲ್ಲಿ ಯಾರಿಗೂ ಹೀಗಾಗದಿರಲಿ ಎಂದೇ ಇಷ್ಟು ಹೇಳಿದೆ.

ಇನ್ನು ‘ಸುದ್ದಿ ಪುಕ್ಕಟೆ ಸಿಗುತ್ತದೆ’ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಒಂದು ಊರಿನ ಕೆರೆ ಒತ್ತುವರಿಯಾಗಿದೆ ಎಂದು ತಿಳಿಯಬೇಕಾದರೆ ಯಾರೋ ಒಬ್ಬರು ಆ ಊರಿಗೆ ಹೋಗಬೇಕು, ತಾಲ್ಲೂಕು ಕಚೇರಿಯ ದಾಖಲೆ ನೋಡಬೇಕು, ಎರಡೂ ಕಡೆಯವರನ್ನು ಮಾತನಾಡಿಸಬೇಕು. ಅವರಿಗೆ ಬಸ್ಸಿನ ಖರ್ಚಿದೆ, ಸಂಬಳವಿದೆ. ಆ ಖರ್ಚನ್ನು ಓದುಗನು ಕೊಡದಿದ್ದರೆ ಬೇರೆ ಯಾರಾದರೂ ಕೊಡುತ್ತಾರೆ. ಕೊಟ್ಟವರ ಕಡೆಗೆ ಸುದ್ದಿ ವಾಲುವ ಅಪಾಯ ಯಾವಾಗಲೂ ಇದ್ದೇ ಇದೆ.

ಇದು ಕೇವಲ ಊಹೆಯಲ್ಲ. 2009ರ ಚುನಾವಣೆಗಳ ಸಮಯದಲ್ಲಿ ಅಭ್ಯರ್ಥಿಗಳ ಪ್ರಚಾರವನ್ನೇ ಹಣ ಪಡೆದು ಸುದ್ದಿಯ ರೂಪದಲ್ಲಿ ಅಚ್ಚು ಮಾಡಿದ ದೂರುಗಳು ದೇಶದಾದ್ಯಂತ ಬಂದವು. ಭಾರತೀಯ ಪತ್ರಿಕಾ ಮಂಡಳಿ ಇದನ್ನು ವಿಚಾರಿಸಿ 2010ರಲ್ಲಿ ವರದಿ ನೀಡಿತು. ‘ಕಾಸಿಗಾಗಿ ಸುದ್ದಿ’ ಎಂಬ ಮಾತು ಆಗ ಮನೆಮಾತಾಯಿತು. ನಾವು ಕಾಸು ಕೊಟ್ಟು ಓದುವ ಸುದ್ದಿ ಬೇರೆ, ಇನ್ನೊಬ್ಬರು ಕಾಸು ಕೊಟ್ಟು ನಮಗೆ ಓದಿಸುವ ಸುದ್ದಿ ಬೇರೆ. ಎರಡನೆಯದು ನೋಡಲು ಅಗ್ಗ. ಆದರೆ ಅದನ್ನು ನಂಬಿ ಮತ ಹಾಕಿದರೆ, ಅದನ್ನು ನಂಬಿ ನಿವೇಶನ ಕೊಂಡರೆ, ಅದನ್ನು ನಂಬಿ ಔಷಧಿ ನುಂಗಿದರೆ ಅದರ ಬೆಲೆಯನ್ನು ನಾವೇ ತೆರಬೇಕು.

ಸರಳ ಜೀವನಕ್ಕೆ ಗಾಂಧೀಜಿಯವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಒಂದು ತುಂಡು ಕಾಗದವನ್ನೂ ವ್ಯರ್ಥ ಮಾಡದವರು ಅವರು. 1903ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಗೆ ಒಂದು ಕಾಲದಲ್ಲಿ ತಿಂಗಳಿಗೆ 75 ಪೌಂಡುಗಳಷ್ಟು ಹಣವನ್ನು ತಾವೇ ಕಳಿಸಬೇಕಾಗಿತ್ತೆಂದು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮುಂದೆ ‘ಯಂಗ್ ಇಂಡಿಯಾ’ ಮತ್ತು ‘ನವಜೀವನ’ ಪತ್ರಿಕೆಗಳಲ್ಲಿ ಜಾಹೀರಾತಿಗೇ ಅವಕಾಶ ಕೊಡಲಿಲ್ಲ. ಪತ್ರಿಕೆ ಓದುಗರ ಬಲದ ಮೇಲೆ ನಿಲ್ಲಬೇಕೆಂಬುದು ಅವರ ನಿಲುವಾಗಿತ್ತು. ನಮ್ಮಲ್ಲೂ 1980ರಲ್ಲಿ ಪಿ. ಲಂಕೇಶರು ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ, ಓದುಗರು ಕೊಟ್ಟ ಚಿಲ್ಲರೆ ಕಾಸಿನಿಂದಲೇ ನಡೆಯಿತು.

ಚಂದಾದಾರರ ಶಕ್ತಿಗೆ ಇನ್ನೊಂದು ನಿದರ್ಶನ ಧಾರವಾಡದ್ದು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ, ಓದುಗರಿಂದ ವರ್ಷದ ಚಂದಾ ಪಡೆದು ಅವರ ಮನೆಗೆ ಪುಸ್ತಕಗಳನ್ನು ಕಳಿಸುವ ಪದ್ಧತಿಯಲ್ಲಿ ಬೆಳೆಯಿತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಆಗ ಅವರು ಇಪ್ಪತ್ತರ ಹರೆಯದ ತರುಣ. ಹೆಸರು ಕೇಳಿರದ ಲೇಖಕರ ಪುಸ್ತಕಕ್ಕೂ ಮೊದಲೇ ಹಣ ಕೊಟ್ಟು ಕಾದಿದ್ದ ಚಂದಾದಾರರಲ್ಲಿ ಸಿರಿವಂತರಿಗಿಂತ ಸಂಬಳ ಎಣಿಸಿ ಬದುಕುವವರೇ ಹೆಚ್ಚಾಗಿದ್ದಿರಬೇಕು. ಹನಿಗೂಡಿದರೆ ಹಳ್ಳ ಎಂಬ ಮಾತು ಇಂಥ ಕಡೆ ನಿಜವಾಗುತ್ತದೆ.

ಹಾಗೆಂದು ಚಂದಾ ಕೊಟ್ಟ ಮಾತ್ರಕ್ಕೆ ಸತ್ಯ ಕೈಗೆ ಸಿಗುತ್ತದೆಂದು ನಾನು ಹೇಳುವುದಿಲ್ಲ. ದೊಡ್ಡ ದಿನಪತ್ರಿಕೆಗಳ ಆದಾಯದಲ್ಲಿ ಬಹುಪಾಲು ಜಾಹೀರಾತಿನಿಂದಲೇ ಬರುತ್ತದೆ. ನಾವು ಕೊಡುವ ಬೆಲೆಯಲ್ಲಿ ಅಚ್ಚಿನ ಖರ್ಚೂ ಪೂರ್ತಿ ಹುಟ್ಟುವುದಿಲ್ಲ. ಆದರೂ ಚಂದಾದಾರನಿಗೆ ಒಂದು ಹಕ್ಕಿದೆ. ತಪ್ಪು ಕಂಡಾಗ ಸಂಪಾದಕರಿಗೆ ಪತ್ರ ಬರೆಯಬಹುದು. ತಿದ್ದಿಕೊಳ್ಳದಿದ್ದರೆ ಮುಂದಿನ ತಿಂಗಳಿನಿಂದ ಪತ್ರಿಕೆ ಬೇಡ ಎನ್ನಬಹುದು. ಪುಕ್ಕಟೆ ಓದುವವನಿಗೆ ಬೇಡ ಎನ್ನುವ ಬಲವೂ ಇರುವುದಿಲ್ಲ.

ಹಾಗಾದರೆ ಹಿತಮಿತವಾಗಿ ಬದುಕುವ ಮನೆ ಏನು ಮಾಡಬೇಕು? ನನಗೆ ತೋಚಿದ ಕೆಲವು ಸೂಚನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಒಂದು ತಿಂಗಳು ಪರೀಕ್ಷೆ ಮಾಡಿ. ಪತ್ರಿಕೆ ಓದಿದವರು ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ತಮ್ಮ ಹೆಸರಿನ ಮೊದಲ ಅಕ್ಷರ ಬರೆಯಲಿ. ರದ್ದಿಗೆ ಹಾಕುವ ದಿನ ಎಣಿಸಿ ನೋಡಿ. ಅಕ್ಷರವಿಲ್ಲದ ಹಾಳೆಗಳೇ ಹೆಚ್ಚಿದ್ದರೆ ಸಂಕೋಚವಿಲ್ಲದೆ ನಿಲ್ಲಿಸಿ. ಮನೆಯಲ್ಲಿ ಪತ್ರಿಕೆ ಇರುವುದೇ ಒಂದು ಗೌರವ ಎಂದು ತರಿಸುವುದು ಮಿತವ್ಯಯವಲ್ಲ, ಡಂಭ.

ಎರಡನೆಯದಾಗಿ, ಒಂದು ದಿನಪತ್ರಿಕೆ, ಒಂದು ವಾರಪತ್ರಿಕೆ ಅಥವಾ ಮಾಸಪತ್ರಿಕೆ ಸಾಮಾನ್ಯ ಸಂಸಾರಕ್ಕೆ ಸಾಕು. ಇನ್ನಷ್ಟು ಬೇಕೆನಿಸಿದರೆ ಪಕ್ಕದ ಮನೆಯವರ ಜೊತೆ ಹೊಂದಿಕೊಳ್ಳಿ. ನೀವು ವಾರಪತ್ರಿಕೆ ತರಿಸಿ, ಅವರು ಮಾಸಪತ್ರಿಕೆ ತರಿಸಲಿ. ಓದಿ ಬದಲಾಯಿಸಿಕೊಂಡರೆ ಅರ್ಧ ಖರ್ಚಿನಲ್ಲಿ ಎರಡೂ ಮನೆಗೆ ಎರಡೂ ಸಿಗುತ್ತವೆ. ದೀಪಾವಳಿ, ಯುಗಾದಿ ವಿಶೇಷಾಂಕಗಳನ್ನೂ ಹೀಗೆಯೇ ಹಂಚಿಕೊಳ್ಳಬಹುದು. ಮಾತುಕತೆಗೆ ಒಂದು ನೆಪವೂ ಆಗುತ್ತದೆ.

ಮೂರನೆಯದಾಗಿ, ಉಡುಗೊರೆಯ ಆಸೆಗೆ ಚಂದಾ ಕಟ್ಟಬೇಡಿ. ಮೂರು ವರ್ಷದ ಚಂದಾಕ್ಕೆ ಒಂದು ಚೀಲ, ಐದು ವರ್ಷಕ್ಕೆ ಒಂದು ಗಡಿಯಾರ ಎಂದಾಗ ನಾವು ಕೊಳ್ಳುತ್ತಿರುವುದು ಪತ್ರಿಕೆಯನ್ನೋ ಗಡಿಯಾರವನ್ನೋ ಎಂದು ಯೋಚಿಸಿ. ಸಣ್ಣ ಸಾಹಿತ್ಯ ಪತ್ರಿಕೆಗಳಿಗೆ ಒಂದೊಂದೇ ವರ್ಷದ ಚಂದಾ ಕಟ್ಟಿ, ಪ್ರತಿ ವರ್ಷ ಮರೆಯದೆ ಕಟ್ಟಿ. ಪತ್ರಿಕೆ ನಿಂತರೆ ನಿಮಗೆ ಹೆಚ್ಚು ನಷ್ಟವಿಲ್ಲ. ನಡೆದರೆ ಅವರಿಗೆ ವರ್ಷವರ್ಷವೂ ಆಸರೆ.

ನಾಲ್ಕನೆಯದಾಗಿ, ಫೋನಿನಲ್ಲಿ ಓದುವ ಪತ್ರಿಕೆಗಳ ಚಂದಾ ಇದ್ದರೆ ಅವುಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದಿಡಿ. ಮೊದಲ ತಿಂಗಳು 1 ರೂಪಾಯಿ ಎಂದು ಸೇರಿಸಿಕೊಂಡು, ಮುಂದೆ ಪೂರ್ತಿ ದರವನ್ನು ತಾನಾಗಿಯೇ ಕಡಿತ ಮಾಡುವ ಏರ್ಪಾಡುಗಳಿರುತ್ತವೆ. 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲೇ ಗ್ರಾಹಕನಿಗೆ ಸೂಚನೆ ಕಳಿಸಬೇಕು. ಆ ಸೂಚನೆಯನ್ನು ಓದದೆ ಒರೆಸಿಹಾಕಬೇಡಿ. ಪತ್ರಿಕೆಯ ಹುಡುಗ ಬಾಗಿಲಿಗೆ ಬಂದು ರಸೀತಿ ಕೊಡುತ್ತಿದ್ದನಲ್ಲ, ಅದರ ಬದಲಿಗೆ ಬಂದಿರುವ ರಸೀತಿ ಅದು.

ಕೊನೆಯದಾಗಿ, ದಿನಕ್ಕೆ 5 ರೂಪಾಯಿಯೂ ಭಾರವಾಗುವ ಮನೆಗಳು ನಮ್ಮಲ್ಲಿ ಬಹಳ ಇವೆ. ಮಗುವಿನ ಹಾಲಿಗೆ ಒದಗಬೇಕಾದ ಹಣವನ್ನು ಪತ್ರಿಕೆಗೆ ಹಾಕಿ ಎಂದು ಯಾರೂ ಹೇಳಲಾರರು. ಅಂಥವರಿಗೂ ಸೇರಿದಂತೆ ನಮ್ಮೆಲ್ಲರಿಗೂ ಒಂದು ಚಂದಾ ಆಗಲೇ ಸಂದಾಯವಾಗಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ. ನಿಮ್ಮ ಮನೆಯ ಕಂದಾಯದ ರಸೀತಿಯನ್ನು ತೆಗೆದು ನೋಡಿ, ಕಾಣುತ್ತದೆ. ಬಾಡಿಗೆ ಮನೆಯಲ್ಲಿರುವವರು ಬಾಡಿಗೆಯ ಮೂಲಕ ಅದನ್ನು ಕೊಡುತ್ತಿದ್ದಾರೆ. ಆ ಹಣದ ಬೆಂಬಲದಿಂದಲೇ ನಗರದ ವಾಚನಾಲಯಗಳ ಮೇಜಿನ ಮೇಲೆ ದಿನವೂ ಪತ್ರಿಕೆಗಳು ಬಂದು ಬೀಳುತ್ತವೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. ಈಗ ಅವಕ್ಕೆ ಅರಿವು ಕೇಂದ್ರಗಳೆಂಬ ಹೆಸರಿದೆ. ಅಲ್ಲಿ ಹೋಗಿ ಓದುವುದು ದಾನ ಪಡೆದಂತಲ್ಲ. ನಾವೇ ಕೊಟ್ಟಿರುವ ಚಂದಾದ ಹಕ್ಕನ್ನು ಚಲಾಯಿಸಿದಂತೆ. ಓದುವವರು ಹೋಗುತ್ತಿದ್ದರೆ ತಾನೇ ಅದು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುವುದು!

ಬಂಧುಗಳೇ, ನಮ್ಮ ಮನೆಗೆ ಮತ್ತೆ ಪತ್ರಿಕೆ ಬರತೊಡಗಿತು. ಮನರಂಜನೆಯ ಚಂದಾ ನಿಂತಿತು, ಬಿಚ್ಚದ ಮಾಸಪತ್ರಿಕೆಯೂ ನಿಂತಿತು. ಒಟ್ಟು ಲೆಕ್ಕದಲ್ಲಿ ತಿಂಗಳ ಖರ್ಚು ಮೊದಲಿಗಿಂತ ಕಡಿಮೆಯೇ ಆಯಿತು. ಬೆಳಿಗ್ಗೆ ಆರೂವರೆಗೆ ಗೇಟಿನ ಬಳಿ ಪತ್ರಿಕೆ ಬಿದ್ದ ಸದ್ದಿಗೆ ತಂದೆಯವರು ಚಪ್ಪಲಿ ಹುಡುಕುತ್ತಿದ್ದರು. ಮೊದಲು ಹೊರಹಾಳೆ ತಾವಿಟ್ಟುಕೊಂಡು ನಡುವಿನ ಹಾಳೆಯನ್ನು ಮೊಮ್ಮಗಳ ಕೈಗೆ ಕೊಡುತ್ತಿದ್ದರು. ಆಕೆ ಕನ್ನಡವನ್ನು ತಡವರಿಸದೆ ಓದುವುದನ್ನು ಕಲಿತದ್ದು ಆ ಹಾಳೆಯಲ್ಲಿ. ಈ ಬಾಬನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಈ ತಿಂಗಳ ಲೆಕ್ಕಕ್ಕೆ ಕೂತಾಗ ಪತ್ರಿಕೆಯ ರಸೀತಿಯನ್ನು ಬದಿಗಿಡುವ ಮುಂಚೆ, ಇದನ್ನು ಮನೆಯಲ್ಲಿ ಯಾರು ಓದುತ್ತಾರೆ ಎಂದು ಒಮ್ಮೆ ಬಾಯಿ ಬಿಟ್ಟು ಕೇಳಿ. ಉತ್ತರ ಬಂದ ಮೇಲೆ ನಿಲ್ಲಿಸುವುದೋ ಮುಂದುವರಿಸುವುದೋ ನಿಮಗೇ ತಿಳಿಯುತ್ತದೆ.