ಹೊಸ ಬ್ಯಾಟರಿ ತರುವ ಮೊದಲು ಕಳ್ಳನನ್ನು ಹಿಡಿಯಿರಿ

ಕಲ್ಯಾಣಪುರದಿಂದ ಮಾತಾಡ್ತಾ ಇದ್ದೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇರ್ತಾರೆ, ಕಾರು ಮಾತ್ರ ಅಂಗಳದಲ್ಲಿ ವಾರಗಟ್ಟಲೆ ನಿಂತಿರ್ತದೆ. ರಾತ್ರಿ ಅಪ್ಪನನ್ನು ಮಣಿಪಾಲಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಅನ್ನುವಾಗ ಕೀ ತಿರುಗಿಸಿದ್ರೆ ಬರೀ ಟಿಕ್ ಟಿಕ್. ಮರುದಿನ ಹೊಸ ಬ್ಯಾಟರಿ ಬರ್ತದೆ. ಸ್ವಲ್ಪ ದಿನದಲ್ಲಿ ಅದೂ ಡೌನ್.

ನಾನು ಓದಿದ್ದು ಬಿಕಾಂ, ಹಾಗಾಗಿ ಮೊದಲು ಲೆಕ್ಕ. ಕಾರು ಆಫ್ ಇದ್ದರೂ ಅಲಾರಂ, ಗಡಿಯಾರ, ಸೆಂಟ್ರಲ್ ಲಾಕ್ ಸ್ವಲ್ಪ ಕರೆಂಟ್ ಎಳೀತವೆ. 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 300 ಎಳೆದರೆ 45 ಆಂಪಿಯರ್-ಅವರ್ ಬ್ಯಾಟರಿ 150 ಗಂಟೆಯಲ್ಲಿ, ಅಂದ್ರೆ ಆರೇ ದಿನದಲ್ಲಿ ಖಾಲಿ. ಕಾರು ಸ್ಟಾರ್ಟ್ ಆಗದೆ ಕೈಕೊಡೋದು ಅದಕ್ಕಿಂತಲೂ ಮೊದಲೇ.

ಈಗ ವೈರ್ ಬಿಚ್ಚುವ ಕ್ರಮ. ಎಲ್ಲ ಆಫ್ ಮಾಡಿ, ಕೀ ಹೊರಗೆ ಇಟ್ಟುಕೊಳ್ಳಿ. ಉಂಗುರ, ಬಳೆ, ವಾಚು ತೆಗೆದಿಡಿ. ಮೊದಲು ಬಿಚ್ಚಬೇಕಾದ್ದು ಮೈನಸ್. ಯಾಕೆ ಅಂದ್ರೆ ಕಾರಿನ ಇಡೀ ಬಾಡಿಗೆ ಮೈನಸ್ ಜೋಡಿಸಿರ್ತದೆ. ಮೊದಲು ಪ್ಲಸ್‌ಗೆ ಕೈಹಾಕಿ ಸ್ಪ್ಯಾನರ್ ಬಾಡಿಗೆ ತಾಗಿತೋ, ನೇರ ಶಾರ್ಟ್. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರ್ತದೆ ಮಾರಾಯ್ರೆ, ಒಂದು ಕಿಡಿಗೆ ಸಿಡಿಯಬಹುದು. ಒಳಗಿರೋದು ಆಸಿಡ್, ಕಣ್ಣಿನ ಪ್ರಶ್ನೆ. ವಾಪಸ್ ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ.

ಕಳ್ಳನನ್ನು ಹುಡುಕಲು ಒಂದು ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ವೋಲ್ಟೇಜ್ ನೋಡಿ. 12.6 ಇದ್ದರೆ ಫುಲ್, 12ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮುಗಿದ ಹಾಗೆ. ಚಾರ್ಜ್ ಮಾಡಿಸಿದ ಮೇಲೆ ಮೀಟರನ್ನು 10 ಆಂಪಿಯರ್‌ಗೆ ಇಟ್ಟು, ಕೆಂಪು ವೈರನ್ನೂ 10 ಆಂಪಿಯರ್ ತೂತಿಗೇ ಹಾಕಿ. ಬಿಚ್ಚಿದ ಮೈನಸ್ ವೈರ್ ಮತ್ತು ಬ್ಯಾಟರಿಯ ಮೈನಸ್ ನಡುವೆ ಮೀಟರ್ ಹಿಡಿಯಿರಿ. ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಿರಿ, ಕಾರಿನ ಕಂಪ್ಯೂಟರ್ ಮಲಗಬೇಕು. ಆಗ ಕೀ ಮಾತ್ರ ತಿರುಗಿಸ್ಬೇಡಿ, ಮೀಟರಿನ ಫ್ಯೂಸ್ ಹೋಗ್ತದೆ. ಆಮೇಲೆ ಕಾರಿನ ಫ್ಯೂಸ್ ಒಂದೊಂದೇ ತೆಗೆಯಿರಿ. ಯಾವುದನ್ನು ತೆಗೆದಾಗ ಅಂಕಿ ದಡಕ್ಕನೆ ಇಳೀತದೋ, ಕಳ್ಳ ಆ ಲೈನಿನಲ್ಲಿ ಉಂಟು. ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಮ್ಯೂಸಿಕ್ ಸಿಸ್ಟಮ್, ಆಫ್ ಆಗದ ಡಿಕ್ಕಿ ಲೈಟ್, ಇವುಗಳ ಮೇಲೆ ಮೊದಲು ಸಂಶಯ ಪಡಿ. ಯಾವ ಫ್ಯೂಸಿಗೂ ಇಳಿಯದಿದ್ದರೆ ಆಲ್ಟರ್ನೇಟರ್ ಇರಬಹುದು, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ವೈರ್ ಮುಟ್ಟಲೇಬೇಡಿ.

ತಿಂಗಳುಗಟ್ಟಲೆ ಊರು ಬಿಡುವವರು ಮೈನಸ್ ಬಿಚ್ಚಿಟ್ಟು ಹೋಗಿ. ಅದಕ್ಕೆ ಮೊದಲು ಬಾಗಿಲು ಬರೀ ಕೀಲಿಯಿಂದ ತೆರೀತದಾ ನೋಡಿ, ಬ್ಯಾಟರಿ ಇಲ್ಲದೆ ರಿಮೋಟ್ ಕೆಲಸ ಮಾಡೋದಿಲ್ಲ.