ಒಂದು ಮಗುವಿಗೆ ಕಜ್ಜಿಯಾದರೆ ಮನೆಮಂದಿಗೆಲ್ಲ ಮದ್ದು

(ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಿವೃತ್ತ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಮಳೆಗಾಲದ ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದೀರಿ. ಇಲಿಜ್ವರ, ಡೆಂಗಿಗಳ ಬಗ್ಗೆ ಆರೋಗ್ಯ ಇಲಾಖೆಯವರೇ ಜೀಪಿಗೆ ಮೈಕ್ ಕಟ್ಟಿಕೊಂಡು ಹೇಳುತ್ತಾರೆ. ಮಕ್ಕಳ ಮೈಮೇಲೆ ಬರುವ ಅಂಟುರೋಗಗಳಿಗೆ ಯಾರೂ ಮೈಕ್ ಕಟ್ಟುವುದಿಲ್ಲ, ಮನೆಯವರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ನಾನು ಅದನ್ನೇ ಹೇಳುತ್ತೇನೆ, ಮುಖ್ಯವಾಗಿ ಕಜ್ಜಿಯ ಬಗ್ಗೆ.

ಕಜ್ಜಿ ಎಂದ ಕೂಡಲೇ ನಾಚಿಕೆ ಏಕೆ? ಕೊಳಕು ಮನೆಯ ರೋಗ ಎಂಬ ಭಾವನೆ ನಮ್ಮಲ್ಲಿದೆ. ದಿನಕ್ಕೆ ಎರಡು ಸಲ ಮೀಯುವ ಮಗುವಿಗೂ ಅದು ಬರುತ್ತದೆ. ಮೈಗೆ ಮೈ ತಾಗಿಸಿ ಕುಳಿತರೆ, ಒಂದೇ ಚಾಪೆಯಲ್ಲಿ ಮಲಗಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಕಜ್ಜಿಯನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಪ್ರಪಂಚದಲ್ಲಿ ಯಾವ ಹೊತ್ತಿಗೂ ಸುಮಾರು 20 ಕೋಟಿ ಜನರಿಗೆ ಈ ರೋಗವಿರುತ್ತದೆ ಎಂದು ಆ ಸಂಸ್ಥೆಯ ಅಂದಾಜು. ಹಾಗಿರುವಾಗ ನಮ್ಮ ಮಗುವಿನ ಬೆರಳ ಸಂದಿಯಲ್ಲಿ ನಾಲ್ಕು ಗುಳ್ಳೆ ಕಂಡರೆ ಮರ್ಯಾದೆ ಹೋಯಿತೆಂದು ತಿಳಿಯಬೇಕಾಗಿಲ್ಲ.

ಕಜ್ಜಿಗೆ ಕಾರಣ ಒಂದು ನುಸಿ. ನುಸಿ ಎಂದರೆ ತೆಂಗಿನ ತೋಟವಿದ್ದವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1998ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ ಮೊದಲು ಕಾಣಿಸಿಕೊಂಡ ತೆಂಗಿನ ನುಸಿಪೀಡೆ ನಮ್ಮ ಕಾಯಿಗಳನ್ನು ಹೇಗೆ ಮುರುಟಿಸಿತೆಂದು ನೋಡಿದ್ದೀರಿ. ಇದು ಅದೇ ಬಳಗದ ಇನ್ನೊಂದು ಜಾತಿ. ತೆಂಗಿನದು ಮನುಷ್ಯನಿಗೆ ಬರುವುದಿಲ್ಲ, ಹೆದರಬೇಡಿ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸಣ್ಣ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಒಬ್ಬರ ಮೈಯಲ್ಲಿ ಸಾಮಾನ್ಯವಾಗಿ ಇರುವುದು ಹತ್ತೋ ಹದಿನೈದೋ ನುಸಿ ಮಾತ್ರ. ಅಷ್ಟಕ್ಕೇ ಮಗು ರಾತ್ರಿಯಿಡೀ ತುರಿಸಿಕೊಳ್ಳುತ್ತದೆ. ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಸೊಂಟ, ಕುಂಡೆ, ಗುಪ್ತಾಂಗ, ಇವು ಅದರ ಜಾಗಗಳು. ಕೂಸುಗಳಿಗೆ ಅಂಗೈ, ಅಂಗಾಲುಗಳಲ್ಲೂ ಬರುತ್ತದೆ. ತುರಿಕೆ ರಾತ್ರಿ ಹೆಚ್ಚು. ಮನೆಯಲ್ಲಿ ಇನ್ನೊಬ್ಬರೂ ತುರಿಸಿಕೊಳ್ಳುತ್ತಿದ್ದರೆ ಬಹುತೇಕ ಕಜ್ಜಿಯೇ.

ಇನ್ನು ನಾನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಮೊದಲ ಸಲ ನುಸಿ ಹತ್ತಿದವರಿಗೆ ತುರಿಕೆ ಶುರುವಾಗುವುದು ನಾಲ್ಕರಿಂದ ಆರು ವಾರಗಳ ಬಳಿಕ. ಅಷ್ಟು ದಿನವೂ ಅವರಿಂದ ಇನ್ನೊಬ್ಬರಿಗೆ ಅಂಟುತ್ತಿರುತ್ತದೆ. "ನನಗೇನೂ ಇಲ್ಲ, ನನಗೇಕೆ ಮದ್ದು?" ಎಂದು ಹೇಳುವ ಅಪ್ಪ, "ಈ ಪ್ರಾಯದಲ್ಲಿ ನನಗೆಂಥ ಕಜ್ಜಿ?" ಎನ್ನುವ ಅಜ್ಜಿ, ಇವರ ಮೈಯಲ್ಲಿ ನುಸಿ ಸುಮ್ಮನೆ ಕುಳಿತಿರಬಹುದು. ಮಗುವಿಗೆ ಮಾತ್ರ ಹಚ್ಚಿ ಗುಣವಾಯಿತು ಅನ್ನುವಷ್ಟರಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಗುವಿಗೆ ಪುನಃ ಬರುತ್ತದೆ. ಆಗ ಮದ್ದು ಒಳ್ಳೆಯದಲ್ಲ ಎಂದು ಡಾಕ್ಟರನ್ನು ಬದಲಾಯಿಸುತ್ತಾರೆ. ಕೊಳೆರೋಗಕ್ಕೆ ಒಂದೇ ಅಡಿಕೆ ಮರಕ್ಕೆ ಮದ್ದು ಬಿಟ್ಟು ಇಳಿದು ಬರುವವರು ನಮ್ಮಲ್ಲಿ ಯಾರಿದ್ದಾರೆ? ಇಲ್ಲಿಯೂ ಲೆಕ್ಕ ಅದೇ. ಮನೆಯಲ್ಲಿ ಮಲಗುವವರೆಲ್ಲ, ತುರಿಕೆ ಇರಲಿ ಇಲ್ಲದಿರಲಿ, ಒಂದೇ ರಾತ್ರಿ ಹಚ್ಚಿಕೊಳ್ಳಬೇಕು.

ಹೆಚ್ಚಾಗಿ ಕೊಡುವುದು ಪರ್ಮೆಥ್ರಿನ್ 5 ಶೇಕಡಾ ಮುಲಾಮು. ರಾತ್ರಿ ಮಿಂದು, ಮೈ ಒರಸಿ ಒಣಗಿದ ಮೇಲೆ ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಇಂಚೂ ಬಿಡದೆ ಹಚ್ಚಬೇಕು. ಗುಳ್ಳೆ ಇದ್ದಲ್ಲಿ ಚುಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಉಗುರಿನ ಕೆಳಗೂ ಹೋಗಬೇಕು. ಸಣ್ಣ ಕೂಸುಗಳಿಗೆ ಕಣ್ಣು, ಬಾಯಿ ಬಿಟ್ಟು ತಲೆ, ಮುಖಕ್ಕೂ ಹಚ್ಚಬೇಕಾಗುತ್ತದೆ. ಎರಡು ತಿಂಗಳಿಗಿಂತ ಸಣ್ಣ ಕೂಸಿದ್ದರೆ, ಬಸುರಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. 8ರಿಂದ 14 ಗಂಟೆ ಬಿಟ್ಟು ಮೀಯಬೇಕು. ನಡುವೆ ಕೈ ತೊಳೆದರೆ ಕೈಗೆ ಪುನಃ ಹಚ್ಚಬೇಕು. ಒಂದರಿಂದ ಎರಡು ವಾರದೊಳಗೆ ಇದನ್ನೇ ಇನ್ನೊಮ್ಮೆ ಮಾಡಬೇಕು. ದೊಡ್ಡವರೊಬ್ಬರಿಗೆ ಸುಮಾರು 30 ಗ್ರಾಂ ಬೇಕಾಗುತ್ತದೆ. ಆರು ಜನರ ಮನೆಗೆ ಒಂದೇ ಟ್ಯೂಬ್ ತಂದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ.

ಮರುದಿನ ಬೆಳಿಗ್ಗೆ ಹಾಸಿಗೆ ಬಟ್ಟೆ, ಟವೆಲು, ಹಿಂದಿನ ಮೂರು ದಿನ ಉಟ್ಟ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಆಟಿ ತಿಂಗಳಲ್ಲಿ ಬಿಸಿಲೆಲ್ಲಿ ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಮನುಷ್ಯನ ಮೈ ಬಿಟ್ಟರೆ ಈ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಒಗೆಯಲಾಗದ ಕಂಬಳಿ, ಶಾಲಾ ಚೀಲಗಳನ್ನು ಪ್ಲಾಸ್ಟಿಕ್ ಗೋಣಿಯಲ್ಲಿ ಬಾಯಿಕಟ್ಟಿ ಒಂದು ವಾರ ಅಟ್ಟದ ಮೇಲಿಟ್ಟರೂ ಸಾಕು.

ಮದ್ದು ಹಚ್ಚಿದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ನುಸಿ ಸತ್ತಿದ್ದರೂ ಅದರ ಉಳಿಕೆಗೆ ಚರ್ಮ ಕೆರಳುತ್ತಿರುತ್ತದೆ. ಅದಕ್ಕಾಗಿ ದಿನಾ ಮದ್ದು ಹಚ್ಚಬಾರದು. ಹಳೆಯ ಗಾಮಾ ಬೆಂಜೀನ್ ಬಾಟಲಿ ಮನೆಯಲ್ಲಿ ಉಳಿದಿದ್ದರೆ ಮಕ್ಕಳಿಗೆ ಮುಟ್ಟಿಸಬೇಡಿ, ಅದು ನರಗಳಿಗೆ ಹಾನಿ ಮಾಡಬಲ್ಲದು. ಬೇವಿನ ಎಲೆ ಹಾಕಿದ ನೀರಿನಲ್ಲಿ ಮೀಯಿಸುವುದಕ್ಕೆ ನನ್ನ ವಿರೋಧವಿಲ್ಲ. ಅದನ್ನೇ ನಂಬಿ ಕೂರಬೇಡಿ ಎಂದಷ್ಟೇ ಹೇಳುತ್ತೇನೆ.

ತುರಿಸಿದ ಗಾಯದಲ್ಲಿ ಕೀವು ತುಂಬಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಅದು ಬ್ಯಾಕ್ಟೀರಿಯಾದ ಕೆಲಸ, ಅದಕ್ಕೆ ಬೇರೆಯೇ ಮದ್ದು ಬೇಕು. ಇದನ್ನು ಸಣ್ಣದೆಂದು ಬಿಡಬಾರದು. ಇಂಥ ಬೊಕ್ಕೆಗಳಾದ ಕೆಲವು ವಾರಗಳಲ್ಲಿ ಮಗುವಿನ ಮುಖ ಬಾತುಕೊಂಡರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ತೊಂದರೆಯಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹುಳುಕಡ್ಡಿಯ ಬಗ್ಗೆ ಒಂದು ಎಚ್ಚರಿಕೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಮುಲಾಮುಗಳಲ್ಲಿ ಶಿಲೀಂಧ್ರದ ಮದ್ದಿನ ಜೊತೆ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ ನಿಂತು ಮನೆಯವರಿಗೆ ಸಂತೋಷವಾಗುತ್ತದೆ. ಒಳಗಿಂದೊಳಗೆ ಅದು ಹರಡುತ್ತದೆ, ಚರ್ಮ ತೆಳ್ಳಗಾಗುತ್ತದೆ. 2018ರಿಂದ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ತಲೆಯಲ್ಲಿ ಹುಳುಕಡ್ಡಿಯಾಗಿ ಕೂದಲು ಉದುರಿದರೆ ಮುಲಾಮು ಸಾಲದು, ಗುಳಿಗೆಯೇ ಬೇಕು. ತುರಿಕೆಯೂ ಇಲ್ಲದ, ಸ್ಪರ್ಶವೂ ತಿಳಿಯದ ಬಿಳಿಚಿದ ಮಚ್ಚೆಯಿದ್ದರೆ ಕುಷ್ಠವೋ ಎಂದು ತೋರಿಸಿಕೊಳ್ಳಿ. ಸರಕಾರಿ ಆಸ್ಪತ್ರೆಯಲ್ಲಿ ಅದರ ಮದ್ದು ಉಚಿತ, ಗುಣವೂ ಆಗುತ್ತದೆ.

ಈಗ ನಮ್ಮ ಊರಿಗೇ ಸೇರಿದ ಒಂದು ವಿಷಯ. ತೆಂಕಣ ಜಿಲ್ಲೆಗಳಿಂದ ಬಂದ ಡಾಕ್ಟರರಿಗೆ ಕನ್ನಡ ಬರುವುದಿಲ್ಲ, ನಮ್ಮ ಹಲವು ತಾಯಂದಿರಿಗೆ ಮಲಯಾಳ ಅರ್ಧಂಬರ್ಧ. ಚೀಟಿ ಇಂಗ್ಲಿಷಿನಲ್ಲಿ. ಮಲಯಾಳದಲ್ಲಿ ಕಜ್ಜಿಗೆ ಚೊರಿ ಎನ್ನುತ್ತಾರೆ, ಹುಳುಕಡ್ಡಿಗೆ ವಟ್ಟಚ್ಚೊರಿ. ಬರೇ "ಚೊರಿ" ಎಂದು ಹೇಳಿ ಬಂದರೆ ಸಾಲದು. ಜಾಗ ತೋರಿಸಿ, ರಾತ್ರಿ ಹೆಚ್ಚು, ಮನೆಯಲ್ಲಿ ಇನ್ನೂ ಇಬ್ಬರಿಗಿದೆ ಎಂದು ಹೇಳಿ. "ವೀಟ್ಟಿಲ್ ಎಲ್ಲಾವರ್ಕುಂ ಪುರಟ್ಟಣೋ?", ಅಂದರೆ ಮನೆಯಲ್ಲಿ ಎಲ್ಲರಿಗೂ ಹಚ್ಚಬೇಕೋ, ಎಂಬ ಒಂದು ವಾಕ್ಯ ಕಲಿತುಕೊಳ್ಳಿ. ಎಷ್ಟು ಗಂಟೆ ಬಿಡಬೇಕು, ಪುನಃ ಯಾವಾಗ ಎಂದು ಕೇಳಿ, ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳಿ. ಈ ಮಾತು ಪತ್ರಿಕೆಯಲ್ಲಿ ಅಚ್ಚಾಗಿ ಬೇರೆ ಗಡಿಗಳಿಗೂ ಹೋಗುವುದರಿಂದ ಇನ್ನಷ್ಟು ಹೆಸರು ಹೇಳುತ್ತೇನೆ. ಕಜ್ಜಿಗೆ ತೆಲುಗಿನಲ್ಲಿ ಗಜ್ಜಿ, ಮರಾಠಿಯಲ್ಲಿ ಖರೂಜ, ತಮಿಳಿನಲ್ಲಿ ಸಿರಂಗು. ತೆಲುಗಿನಲ್ಲಿ ತಾಮರ ಎಂದರೆ ಹೂವಿನ ಮಾತಲ್ಲ, ಹುಳುಕಡ್ಡಿಗೂ ಅದೇ ಹೆಸರು.

ಮದ್ದು ಹಚ್ಚುವ ವಿವರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಿ ಎಂದು ಆರೋಗ್ಯ ಕೇಂದ್ರಕ್ಕೆ ನಮ್ಮ ಸಂಘ ಕನ್ನಡದಲ್ಲೇ ಮನವಿ ಬರೆಯಬಹುದು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಮದ್ದಿನ ವಿವರ ತಿಳಿಯದಿರುವುದು ಕುಂದುಕೊರತೆ ಅಲ್ಲದೆ ಮತ್ತೇನು?

ಅಧ್ಯಾಪಕರಲ್ಲಿ ಒಂದು ವಿನಂತಿ. ಕಜ್ಜಿಯಿದ್ದ ಮಗುವನ್ನು ತರಗತಿಯ ಎದುರು ಎಬ್ಬಿಸಿ ನಿಲ್ಲಿಸಬೇಡಿ. ಹೆತ್ತವರನ್ನು ಸಂಜೆ ಕರೆದು ಹೇಳಿ. ಮೊದಲ ರಾತ್ರಿಯ ಮದ್ದು ಮುಗಿಸಿ ಮಿಂದ ಮಗು ಮರುದಿನವೇ ಶಾಲೆಗೆ ಬರಬಹುದು. ಕೀವಿನ ಹುಣ್ಣಾದರೆ ಮದ್ದು ಶುರುವಾಗಿ ಒಂದು ದಿನ ಕಳೆದರೆ ಸಾಕು. ಹದಿನೈದು ದಿನ ಮನೆಯಲ್ಲಿ ಕೂರಿಸುವ ಅಗತ್ಯ ಯಾರಿಗೂ ಇಲ್ಲ. ಜೂನಿನಲ್ಲಿ ಶಾಲೆ ತೆರೆದ ಆರನೇ ದಿನದ ಲೆಕ್ಕದ ಮೇಲೆ ನಮ್ಮ ಅಧ್ಯಾಪಕರ ಹುದ್ದೆ ನಿಂತಿದೆ. ಹನ್ನೆರಡು ಮಕ್ಕಳ ಕನ್ನಡ ತರಗತಿಯಿಂದ ನಾಚಿಕೆಗೆ ಇಬ್ಬರು ಬೇರೆ ಶಾಲೆಗೆ ಹೋದರೆ ಅದು ಆ ಇಬ್ಬರ ವಿಷಯವಾಗಿ ಉಳಿಯುವುದಿಲ್ಲ. ಆ ಬೇರೆ ಶಾಲೆಯಲ್ಲೂ ಮಕ್ಕಳು ಒತ್ತಾಗಿಯೇ ಕೂರುತ್ತಾರೆ ಎಂಬುದು ಬೇರೆ ಮಾತು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಎಲ್ಲರೆದುರು ಕೇಳಲು ಸಂಕೋಚವಿರುವವರು ಮಗುವನ್ನು ಕರೆದುಕೊಂಡು ಆಚೆ ಕೋಣೆಗೆ ಬನ್ನಿ. ಐದು ಗಂಟೆಯ ಬಸ್ಸಿನವರೆಗೆ ಅಲ್ಲಿರುತ್ತೇನೆ.